ಎರಡು ಹೆಸರಿನ ವೈದ್ಯ, ಮೂರು ಸಂಪುಟಗಳ ಪ್ರವಾಸ

ನಮ್ಮ ಕನ್ನಡ ಕೂಟದ ವಾರ್ಷಿಕೋತ್ಸವದ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಸಂಪಾದಕ ಮಿತ್ರರು ಮೂರು ಬಾರಿ ಫೋನ್ ಮಾಡಿದರು. ವೈದ್ಯರಾದ ನಮ್ಮಿಂದ ಅವರು ರಕ್ತದೊತ್ತಡದ ಬಗ್ಗೆಯೋ ಸಕ್ಕರೆ ಕಾಯಿಲೆಯ ಬಗ್ಗೆಯೋ ಲೇಖನ ನಿರೀಕ್ಷಿಸಿದ್ದಿರಬಹುದು. ಕೂಟದ ಊಟದ ಮೇಜಿನ ಮೇಲಿರುವ ಹೋಳಿಗೆ, ಮೈಸೂರು ಪಾಕುಗಳ ಎದುರು ಅಂಥ ಲೇಖನ ಯಾರ ಮನಸ್ಸಿಗೂ ಹಿತವಾಗದು. ಹಾಗಾಗಿ ನಮ್ಮದೇ ವೃತ್ತಿಯ ಹಿರಿಯನೊಬ್ಬನ ಕಥೆ ಹೇಳುತ್ತೇವೆ. ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನಾಡನ್ನು ಊರೂರು ಸುತ್ತಿ, ಹೊಲ, ಕೆರೆ, ಮಗ್ಗ, ಕುಲುಮೆ ಎಲ್ಲವನ್ನೂ ಬರೆದಿಟ್ಟ ಸ್ಕಾಟ್‌ಲೆಂಡಿನ ವೈದ್ಯ ಡಾ. ಫ್ರಾನ್ಸಿಸ್ ಬುಕಾನನ್‌ನ ಕಥೆ. ಅದರ ಜೊತೆಗೆ ಆತನ ಪುಸ್ತಕದ ಮೊದಲ ಮುದ್ರಣವನ್ನು ಹುಡುಕಹೊರಟು ನಾವು ಕಲಿತ ಒಂದೆರಡು ಪಾಠಗಳೂ ಸೇರಿವೆ.

ನಮ್ಮ ತಂದೆಯವರು ಮಧುಗಿರಿ ಕಡೆಯವರು, ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದವರು. ಕಾಲೇಜು ಓದುತ್ತಿದ್ದ ದಿನಗಳಲ್ಲಿ ಮೈಸೂರಿನ ಒಂದು ಪುಸ್ತಕ ಭಂಡಾರದಲ್ಲಿ ಅವರು ಬುಕಾನನ್‌ನ ಪ್ರವಾಸ ಗ್ರಂಥದ ಕೆಲವು ಪುಟಗಳನ್ನು ಓದಿದ್ದರಂತೆ. ತಮ್ಮ ಊರಿನ ಸುತ್ತಮುತ್ತ ಹಿಂದೆ ಕಬ್ಬಿಣ ಕರಗಿಸುತ್ತಿದ್ದರೆಂದು ಅವರಿಗೆ ಗೊತ್ತಾದದ್ದು ಆ ಪುಸ್ತಕದಿಂದಲೇ. ನಾವು ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಹೊರಟಾಗ ಅವರು ಬೇರೇನನ್ನೂ ಬೇಡಲಿಲ್ಲ. ಅಲ್ಲಿ ಹಳೆಯ ಪುಸ್ತಕಗಳು ಸಿಗುತ್ತವಂತೆ, ಬುಕಾನನ್‌ನ ಮೂಲ ಪುಸ್ತಕ ಎಲ್ಲಾದರೂ ಕಂಡರೆ ನೋಡಿ ಎಂದರು, ಅಷ್ಟೆ. ಆ ಮಾತನ್ನು ನಾವು ಬಹಳ ವರ್ಷ ಮರೆತೇಬಿಟ್ಟಿದ್ದೆವು.

ಬೆಟ್ಟದೂರಿನ ನಾಲ್ಕನೆಯ ಮಗ

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್‌ಲೆಂಡಿನ ಪರ್ತ್‌ಷೈರ್ ಪ್ರಾಂತ್ಯದ ಕ್ಯಾಲೆಂಡರ್ ಎಂಬ ಊರಿನ ಬಳಿ. ತಂದೆ ಥಾಮಸ್ ಕೂಡ ವೈದ್ಯ. ಲೆನಿ ಎಂಬ ಜಮೀನು ಆ ಮನೆತನದ್ದು. ಆದರೆ ಹುಡುಗನಿಗೆ ಮೂವರು ಅಣ್ಣಂದಿರಿದ್ದರು. ಅಂದಿನ ಪದ್ಧತಿಯಂತೆ ಆಸ್ತಿ ಹಿರಿಯನಿಗೆ ಸೇರುವುದರಿಂದ, ಕಿರಿಯವನು ವಿದ್ಯೆಯನ್ನೇ ನಂಬಬೇಕಾಯಿತು. ಜಮೀನು ಅಣ್ಣನಿಗೆ, ಮೆಡಿಕಲ್ ಸೀಟು ತಮ್ಮನಿಗೆ ಎಂಬ ಲೆಕ್ಕ ನಮ್ಮಲ್ಲಿ ಅನೇಕರ ಮನೆಗಳಿಗೂ ಹೊಸದೇನಲ್ಲ.

ಗ್ಲಾಸ್ಗೋದಲ್ಲಿ 1779ರಲ್ಲಿ ಎಂ.ಎ. ಮುಗಿಸಿದ ಹುಡುಗ ವೈದ್ಯಕೀಯಕ್ಕೆಂದು ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ. 1783ರಲ್ಲಿ ಎಂ.ಡಿ. ಪದವಿ ಬಂತು. ಪದವಿಗಾಗಿ ಬರೆದ ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಜ್ವರ, ಅಂದರೆ ನಾವು ಇಂದು ಮಲೇರಿಯಾ ಎನ್ನುವ ಕಾಯಿಲೆ. ಮುಂದೆ ಮಲೇರಿಯಾ ಬೀಡುಗಳಲ್ಲೇ ಅರ್ಧ ಆಯುಸ್ಸು ಕಳೆಯಬೇಕಾದವನಿಗೆ ಒಳ್ಳೆಯ ತಯಾರಿಯೇ ಸರಿ. ಅಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕರು ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದರು. ಲಿನೇಯಸ್ ರೂಪಿಸಿದ ಸಸ್ಯವರ್ಗೀಕರಣವನ್ನು ಬ್ರಿಟನ್ನಿನಲ್ಲಿ ಮೊದಮೊದಲು ಕಲಿಸಿದವರಲ್ಲಿ ಅವರೊಬ್ಬರು. ಅಂದಿನ ವೈದ್ಯನಿಗೆ ಔಷಧವೆಂದರೆ ಗಿಡಮೂಲಿಕೆಯೇ ಆದ್ದರಿಂದ ಸಸ್ಯಶಾಸ್ತ್ರ ಕಡ್ಡಾಯ ವಿದ್ಯೆ. ಬುಕಾನನ್‌ಗೆ ಅದು ಜೀವಮಾನದ ಹುಚ್ಚಾಯಿತು.

ಕೆಲವು ಕಾಲ ಹಡಗುಗಳಲ್ಲಿ ವೈದ್ಯನಾಗಿ ಅಲೆದ ಮೇಲೆ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದ. ಮರುವರ್ಷವೇ ಕ್ಯಾಪ್ಟನ್ ಮೈಕೆಲ್ ಸೈಮ್ಸ್ ನೇತೃತ್ವದ ರಾಯಭಾರದೊಂದಿಗೆ ಬರ್ಮಾ ದೇಶದ ಆವಾ ರಾಜ್ಯಕ್ಕೆ ಹೋಗಿಬಂದ. ರಾಯಭಾರಿಗಳು ರಾಜಕಾರಣ ಮಾತಾಡುತ್ತಿದ್ದರೆ ಈತ ಗಿಡಗಳನ್ನು ಒಣಗಿಸಿ ಕಾಗದಕ್ಕೆ ಅಂಟಿಸುತ್ತಿದ್ದ, ಅಲ್ಲಿನ ಜನರ ಭಾಷೆಗಳ ಪದಪಟ್ಟಿ ಮಾಡುತ್ತಿದ್ದ, ಅವರ ಧರ್ಮದ ವಿಚಾರ ಕೇಳಿ ಬರೆದುಕೊಳ್ಳುತ್ತಿದ್ದ. ಕಂಡದ್ದನ್ನೆಲ್ಲ ಅಂದಂದೇ ಬರೆದಿಡುವ ಅಭ್ಯಾಸ ಆಗಲೇ ಬೇರೂರಿತ್ತು.

ಟಿಪ್ಪುವಿನ ಪತನದ ಮರುವರ್ಷ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಒಡೆಯರ ವಂಶದ ಎಳೆಯ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಪಟ್ಟಕ್ಕೆ ಕೂಡಿಸಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದರು. ಕೆನರಾ ಜಿಲ್ಲೆ ಕಂಪನಿಯ ಕೈಸೇರಿತು. ಗೆದ್ದದ್ದೇನು, ಅದರಿಂದ ಬರುವ ಉತ್ಪತ್ತಿ ಎಷ್ಟು ಎಂಬುದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಈ ಕೆಲಸಕ್ಕೆ ಆತ ಆರಿಸಿದ್ದು ಬುಕಾನನ್‌ನನ್ನು. ಬೇಸಾಯ, ದನಕರು, ಹತ್ತಿ, ಮೆಣಸು, ಏಲಕ್ಕಿ, ಗಂಧ, ಗಣಿ, ಕೈಗಾರಿಕೆ, ಹವೆ, ಜನರ ಸ್ಥಿತಿಗತಿ ಇವೆಲ್ಲವನ್ನೂ ವಿಚಾರಿಸಿ ವರದಿ ಕೊಡಬೇಕೆಂದು ಅಪ್ಪಣೆಯಾಯಿತು.

1800ರ ಏಪ್ರಿಲ್ 23ರ ಮಧ್ಯಾಹ್ನ ಬುಕಾನನ್ ಮದ್ರಾಸಿನಿಂದ ಹೊರಟ. ವೆಲ್ಲೂರಿನ ಮೂಲಕ ಘಟ್ಟ ಹತ್ತಿ ಬೆಂಗಳೂರು, ಅಲ್ಲಿಂದ ಶ್ರೀರಂಗಪಟ್ಟಣ. ಅಲ್ಲಿ ಪೂರ್ಣಯ್ಯನವರನ್ನು ಕಂಡ. ಮತ್ತೆ ಬೆಂಗಳೂರಿಗೆ ಬಂದು ದೊಡ್ಡಬಳ್ಳಾಪುರ, ಕೋಲಾರ, ಮಧುಗಿರಿ, ಶಿರಾ, ಗುಬ್ಬಿಗಳ ಕಡೆ ಸುತ್ತಿದ. ಕಾವೇರಿ ಬಯಲಿನ ಮೂಲಕ ಕೊಯಮತ್ತೂರಿಗಿಳಿದು ಮಲಬಾರ್ ಸೇರಿದ. 1801ರ ಆರಂಭದಲ್ಲಿ ಮಂಗಳೂರಿಗೆ ಬಂದು ಜಮಾಲಾಬಾದ್, ವೇಣೂರು, ಮೂಡಬಿದಿರೆ, ಕಾರ್ಕಳ, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲೆ ಎಂದು ಕರಾವಳಿಯುದ್ದಕ್ಕೂ ನಡೆದ. ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿ, ಕೆಳದಿ, ಇಕ್ಕೇರಿ, ಬಿದನೂರು, ಕವಲೇದುರ್ಗ, ಶಿವಮೊಗ್ಗ, ಹರಿಹರ, ದಾವಣಗೆರೆ, ಹಿರಿಯೂರು ಸುತ್ತಿ, ಪುನಃ ಶ್ರೀರಂಗಪಟ್ಟಣಕ್ಕೆ ಬಂದು, ಜುಲೈ ತಿಂಗಳಲ್ಲಿ ಮದ್ರಾಸಿಗೆ ಮರಳಿದ. ಒಂದು ವರ್ಷ ಎರಡೂವರೆ ತಿಂಗಳ ಸುತ್ತಾಟ. ನಮ್ಮ ಕೂಟದ ಸದಸ್ಯರ ಊರುಗಳ ಪಟ್ಟಿ ತೆಗೆದು ನೋಡಿದರೆ, ಬಹುಮಂದಿಯ ಊರು ಈತನ ದಾರಿಯಲ್ಲೋ ದಾರಿಯ ಪಕ್ಕದಲ್ಲೋ ಸಿಕ್ಕೀತು.

ರೋಗಿಯ ಚರಿತ್ರೆ ಬರೆದುಕೊಳ್ಳುವ ವೈದ್ಯನ ಹಾಗೆ ಆತ ನಾಡಿನ ಚರಿತ್ರೆ ಬರೆದುಕೊಂಡ. ಇವತ್ತು ಎಷ್ಟು ದೂರ ಬಂದೆ, ಮಣ್ಣು ಎಂಥದು, ಕೆರೆಯಲ್ಲಿ ನೀರಿದೆಯೇ, ರಾಗಿಗೆ ಎಷ್ಟು ಉಳುಮೆ, ಎಷ್ಟು ಬೀಜ, ಎಷ್ಟು ಫಸಲು, ಆಳಿಗೆ ಕೂಲಿ ಏನು, ಊರಿನ ಕೊಳಗ ಎಷ್ಟು ಹಿಡಿಯುತ್ತದೆ ಎಂದು ಪ್ರತಿ ಊರಲ್ಲೂ ಕೇಳಿದ. ಬೆಂಗಳೂರಿನಲ್ಲಿ ಪಟ್ಟೇಗಾರರು, ಖತ್ರಿಗಳು, ದೇವಾಂಗರು, ತೊಗಟರು ಯಾವ ಯಾವ ಬಟ್ಟೆ ನೇಯುತ್ತಾರೆ, ಬಣ್ಣ ಹೇಗೆ ಕಟ್ಟುತ್ತಾರೆ ಎಂಬುದನ್ನು ವಿವರವಾಗಿ ಬರೆದ. ದಾವಣಗೆರೆಯ ಕಂಬಳಿ, ಚನ್ನಪಟ್ಟಣದ ವಾದ್ಯದ ತಂತಿ, ಗುಬ್ಬಿಯ ಸಂತೆ, ಮಲೆನಾಡಿನ ಅಡಿಕೆ ತೋಟ ಯಾವುದನ್ನೂ ಬಿಡಲಿಲ್ಲ. ಮಧುಗಿರಿಯ ಕಡೆ ಮಳೆಗಾಲದ ಹಳ್ಳಗಳಲ್ಲಿ ಕೊಚ್ಚಿಬರುವ ಕಪ್ಪು ಮರಳನ್ನು ಕೂಡಿಸಿ, ಇದ್ದಿಲಿನೊಂದಿಗೆ ಮಣ್ಣಿನ ಕುಲುಮೆಗೆ ಹಾಕಿ ಕಬ್ಬಿಣ ತೆಗೆಯುವುದನ್ನೂ, ಆ ಕಬ್ಬಿಣದಿಂದ ಮಾಡಿದ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಗೂ ವಾದ್ಯದ ತಂತಿಗೂ ಹೋಗುವುದನ್ನೂ ಬರೆದ. ನಮ್ಮ ತಂದೆಯವರ ಮನಸ್ಸಿನಲ್ಲಿ ಉಳಿದದ್ದು ಈ ಪುಟಗಳೇ.

ಆತನನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಬುಕಾನನ್‌ಗೆ ಕನ್ನಡ ಬರುತ್ತಿರಲಿಲ್ಲ, ದುಭಾಷಿ ಹೇಳಿದ್ದೇ ಆಧಾರ. ಬಿಳಿಯ ಅಧಿಕಾರಿ ಬಂದು ಹೊಲದ ಲೆಕ್ಕ ಕೇಳಿದರೆ ಕಂದಾಯ ಏರಿಸಲಿಕ್ಕೇ ಎಂದು ರೈತರು ಹೆದರುತ್ತಿದ್ದರು, ಎಷ್ಟೋ ಸಂಗತಿ ಮುಚ್ಚಿಡುತ್ತಿದ್ದರು. ಅವರ ಹೆದರಿಕೆ ಸುಳ್ಳೂ ಆಗಿರಲಿಲ್ಲ. ಈ ವಿಚಾರಣೆಯನ್ನು ಮಾಡಿಸಿದ್ದೇ ಲಾಭದ ಲೆಕ್ಕಕ್ಕಾಗಿ. ಟಿಪ್ಪುವಿನ ಬಗ್ಗೆಯೂ ಬ್ರಾಹ್ಮಣರ ಬಗ್ಗೆಯೂ ಆತನ ಮಾತು ಹಲವೆಡೆ ಕಟು, ಕೆಲವೆಡೆ ಅನ್ಯಾಯ. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ 1800ರ ಸುಮಾರಿಗೆ ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಏನು ಬಿತ್ತಿದರು, ಏನು ಉಂಡರು ಎಂದು ಊರೂರಿನ ಲೆಕ್ಕದಲ್ಲಿ ತಿಳಿಯಬೇಕಾದರೆ ಇಂದಿಗೂ ಇತಿಹಾಸಕಾರರು ಮೊದಲು ತೆರೆಯುವ ಪುಸ್ತಕಗಳಲ್ಲಿ ಇದೊಂದು.

ಪುಸ್ತಕ ಬಂದದ್ದು 1807ರಲ್ಲಿ

ಈ ದಿನಚರಿ ಲಂಡನ್ನಿನಲ್ಲಿ ಕಂಪನಿಯ ನಿರ್ದೇಶಕರ ಆಶ್ರಯದಲ್ಲಿ 1807ರಲ್ಲಿ ಅಚ್ಚಾಯಿತು. ಮದ್ರಾಸಿನಿಂದ ಮೈಸೂರು, ಕೆನರಾ, ಮಲಬಾರ್ ದೇಶಗಳ ಮೂಲಕ ಮಾಡಿದ ಪ್ರಯಾಣ ಎಂಬುದು ಹೆಸರಿನ ಸಾರ. ದಿನಚರಿಯನ್ನು ವಿಷಯವಾರು ಹೊಂದಿಸಿ ಸಂಕ್ಷೇಪಿಸಬೇಕೆಂದು ಬುಕಾನನ್‌ಗೆ ಆಸೆಯಿತ್ತು. ಆತ ಇಂಗ್ಲೆಂಡಿಗೆ ಬರುವಷ್ಟರಲ್ಲಿ ಮುದ್ರಣ ಆಗಲೇ ಆರಂಭವಾಗಿತ್ತು, ಮತ್ತೆ ಭಾರತಕ್ಕೆ ಹೊರಡುವ ಅವಸರ ಬೇರೆ. ಹೀಗಾಗಿ ದಿನದಿನದ ಟಿಪ್ಪಣಿಗಳು ಇದ್ದ ಹಾಗೆಯೇ ಪುಸ್ತಕವಾದವು. ಓದಲು ಸ್ವಲ್ಪ ತ್ರಾಸವೇ. ಆದರೆ ನಿಮ್ಮೂರಿನ ಪುಟ ಸಿಕ್ಕಿದರೆ ಈ ದೋಷವೇ ಗುಣವಾಗುತ್ತದೆ. ಆ ದಿನ ಆತ ಅಲ್ಲಿ ಕಂಡದ್ದು ಅಂದಿನ ತಾರೀಖಿನೊಂದಿಗೆ ಹಾಗೇ ಇರುತ್ತದೆ.

ಈಗ ನಮ್ಮ ಫಜೀತಿಯ ವಿಷಯಕ್ಕೆ ಬರುತ್ತೇವೆ. ರೆಸಿಡೆನ್ಸಿ ಮುಗಿದು, ಪ್ರಾಕ್ಟೀಸು ನೆಲೆಗೊಂಡು, ಸಾಲದ ಕಂತುಗಳ ನಡುವೆ ಉಸಿರಾಡುವಂತಾದಾಗ ತಂದೆಯವರ 75ನೇ ಹುಟ್ಟುಹಬ್ಬ ಹತ್ತಿರ ಬಂತು. ಅವರ ಕಣ್ಣುಗಳು ಮಂಜಾಗುತ್ತಿದ್ದವು. ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ, ವೈದ್ಯ ಮಕ್ಕಳಾಗಿಯೂ ನಾವು ಹೆಚ್ಚೇನೂ ಮಾಡುವ ಹಾಗಿರಲಿಲ್ಲ. ಆಗ ಹಳೆಯ ಮಾತು ನೆನಪಾಯಿತು. ಒಬ್ಬ ಹಳೆ ಪುಸ್ತಕದ ವ್ಯಾಪಾರಿಯ ಪಟ್ಟಿಯಲ್ಲಿ ಬುಕಾನನ್‌ನ ಪ್ರವಾಸ, ಮೊದಲ ಮುದ್ರಣ, ಚರ್ಮದ ಬೈಂಡು ಎಂದು ಕಂಡಿತು. ಒಂದು ತಿಂಗಳ ಮನೆ ಕಂತಿನಷ್ಟು ಬೆಲೆ. ಹಿಂದೆ ಮುಂದೆ ನೋಡದೆ ಫೋನಿನಲ್ಲೇ ಹಣ ಕಟ್ಟಿದೆವು. ಪೆಟ್ಟಿಗೆ ಬಿಚ್ಚಿದರೆ ಎರಡು ಸಂಪುಟ. ಒಳಗೆ ಮದ್ರಾಸು, ಹಿಗಿನ್‌ಬಾಥಮ್, 1870 ಎಂದಿತ್ತು. ವಿಚಾರಿಸಿದಾಗ ಆತ ಭಾರತದಲ್ಲಿ ಅಚ್ಚಾದ ಮೊದಲ ಮುದ್ರಣ ಎಂಬ ಅರ್ಥದಲ್ಲಿ ಹೇಳಿದ್ದೇನೆಂದ. ಮಾತು ಸುಳ್ಳಲ್ಲ, ವ್ಯಾಪಾರ ಮಾತ್ರ ಸರಿಯಲ್ಲ. ರೋಗಿಯನ್ನು ಮುಟ್ಟಿ ನೋಡದೆ ಫೋನಿನಲ್ಲೇ ರೋಗನಿದಾನ ಮಾಡಿದ ತಪ್ಪು ನಮ್ಮದು.

ಗುರುತಿಸುವುದು ಹೇಗೆ?

ಆಮೇಲೆ ಕಲಿತದ್ದನ್ನು ವಾಚಕರಿಗೆ ಹೇಳುತ್ತೇವೆ. ಲೈಬ್ರರಿ ಸೇಲು, ಗರಾಜ್ ಸೇಲುಗಳಲ್ಲಿ ಹಳೆಯ ಪ್ರವಾಸ ಗ್ರಂಥ ಕಣ್ಣಿಗೆ ಬಿದ್ದರೆ ಉಪಯೋಗವಾದೀತು.

ಮೊದಲು ಶೀರ್ಷಿಕೆ ಪುಟ. ಬೆನ್ನಿನ ಮೇಲಿನ ಚಿನ್ನದ ಅಕ್ಷರಗಳನ್ನು ನಂಬಬೇಡಿ, ಅವನ್ನು ಬೈಂಡಿನವನು ಯಾವಾಗ ಬೇಕಾದರೂ ಹಾಕಬಹುದು. ಬುಕಾನನ್‌ನ ಮೊದಲ ಮುದ್ರಣದಲ್ಲಿ ಊರು ಲಂಡನ್, ವರ್ಷ 1807, ಪ್ರಕಾಶಕರು ಕ್ಯಾಡೆಲ್ ಮತ್ತು ಡೇವಿಸ್ ಹಾಗೂ ಬ್ಲ್ಯಾಕ್, ಪ್ಯಾರಿ ಮತ್ತು ಕಿಂಗ್ಸ್‌ಬರಿ, ಮುದ್ರಕ ಬುಲ್ಮರ್. ಎಲ್ಲೂ ಮೊದಲ ಮುದ್ರಣ ಎಂದು ಬರೆದಿರುವುದಿಲ್ಲ. ಆ ಕಾಲದ ಪುಸ್ತಕಗಳಲ್ಲಿ ಮೊದಲನೆಯದು ತಾನು ಮೊದಲನೆಯದೆಂದು ಹೇಳಿಕೊಳ್ಳುವುದು ಅಪರೂಪ, ಎರಡನೆಯದೇ ತಾನು ಎರಡನೆಯದೆಂದು ಹೇಳುವುದು ವಾಡಿಕೆ. ಈಗಿನ ಪುಸ್ತಕಗಳ ಹಿಂಬದಿ ಪುಟದಲ್ಲಿ ಕಾಣುವ ಅಂಕಿಗಳ ಸಾಲು 20ನೇ ಶತಮಾನದ್ದು, 1807ರಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಎರಡನೆಯದು ಸಂಪುಟಗಳ ಸಂಖ್ಯೆ ಮತ್ತು ಅಳತೆ. 1807ರದು ಮೂರು ಸಂಪುಟ, ಕ್ವಾರ್ಟೊ ಗಾತ್ರ. ಅಂದರೆ ಅಚ್ಚಿನ ದೊಡ್ಡ ಹಾಳೆಯನ್ನು ಎರಡು ಸಲ ಮಡಚಿ ನಾಲ್ಕು ಎಲೆ ಮಾಡಿದ್ದು. ಮಡಿಲಲ್ಲಿಟ್ಟು ಓದಲಾಗದಷ್ಟು ದೊಡ್ಡದು, ಮೇಜೇ ಬೇಕು. 1870ರ ಮದ್ರಾಸಿನ ಎರಡನೇ ಮುದ್ರಣ ಎರಡೇ ಸಂಪುಟ, ಆಕ್ಟೇವೊ ಗಾತ್ರ. ಅಲ್ಲಿ ಹಾಳೆಯನ್ನು ಮೂರು ಸಲ ಮಡಚಿ ಎಂಟು ಎಲೆ ಮಾಡಿರುತ್ತಾರೆ. ಸಂಪುಟ ಎಷ್ಟು, ಎತ್ತರ ಎಷ್ಟು ಎಂಬ ಎರಡೇ ಪ್ರಶ್ನೆ ಕೇಳಿದ್ದರೆ ನಮ್ಮ ಹಣ ಉಳಿಯುತ್ತಿತ್ತು. 1811ರಲ್ಲಿ ಪಿಂಕರ್ಟನ್ ಎಂಬವನ ಪ್ರವಾಸ ಸಂಗ್ರಹದ ಎಂಟನೇ ಸಂಪುಟದಲ್ಲೂ ಬುಕಾನನ್‌ನ ಪ್ರಯಾಣ ಸೇರಿತ್ತು. ಅಂಥ ಸಂಗ್ರಹಗಳಿಂದ ಬಿಡಿಸಿ ಬೇರೆ ಬೈಂಡು ಹಾಕಿದ ಹಾಳೆಗಳು ಸ್ವತಂತ್ರ ಪುಸ್ತಕದಂತೆ ಕಾಣುತ್ತವೆ. ಪುಟಸಂಖ್ಯೆ ನಡುವಿನಿಂದ ಶುರುವಾದರೆ ಅನುಮಾನಿಸಬೇಕು. ದೆಹಲಿಯಲ್ಲಿ 1988ರಲ್ಲಿ ಬಂದ ಮರುಮುದ್ರಣವೂ ಉಂಟು. ಮರುಮುದ್ರಣಗಳು ಹಳೆಯ ಶೀರ್ಷಿಕೆ ಪುಟವನ್ನು ಹಾಗೇ ಅಚ್ಚು ಹಾಕುವುದರಿಂದ, ಅದರ ಹಿಂದಿನ ಪುಟವನ್ನು ತಿರುವಿ ನೋಡುವುದು ಒಳ್ಳೆಯದು.

ಮೂರನೆಯದು ಕಾಗದ. ಎಲೆಯನ್ನು ಬೆಳಕಿಗೆ ಹಿಡಿದರೆ ಕಾಗದದ ಗಿರಣಿಯ ನೀರುಗುರುತು ಕಾಣುತ್ತದೆ. 1794ರ ನಂತರದ ಬ್ರಿಟಿಷ್ ಕಾಗದದಲ್ಲಿ ಹಲವು ಸಲ ಅದರೊಂದಿಗೆ ವರ್ಷವೂ ಇರುತ್ತದೆ. ಕಾಗದದ ವರ್ಷ ಪುಸ್ತಕದ ವರ್ಷಕ್ಕಿಂತ ಈಚಿನದಾದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ನಾಲ್ಕನೆಯದು ಚಿತ್ರ ಮತ್ತು ನಕಾಶೆ. ಪ್ರವಾಸ ಗ್ರಂಥಗಳ ಮಟ್ಟಿಗೆ ಇದೇ ಮುಖ್ಯ. ತಾಮ್ರಫಲಕದ ಚಿತ್ರಗಳನ್ನೂ ಮಡಚಿಟ್ಟ ನಕಾಶೆಯನ್ನೂ ಕಿತ್ತು, ಕಟ್ಟು ಹಾಕಿಸಿ ಮಾರುವವರು ಬಹಳ. ಚಿತ್ರಗಳ ಪಟ್ಟಿಗೆ ಒಂದೊಂದನ್ನೂ ಹೋಲಿಸಿ ಎಣಿಸಬೇಕು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಕಟಣೆಯ ದಿನಾಂಕ ಇದ್ದರೆ ಅದೂ ಒಂದು ಸಾಕ್ಷಿ. ಬೈಂಡು ಮಾತ್ರ ಸಾಕ್ಷಿಯಲ್ಲ. ಆಗ ಪುಸ್ತಕಗಳನ್ನು ಬಹುತೇಕ ಸಾದಾ ರಟ್ಟಿನಲ್ಲಿ ಮಾರುತ್ತಿದ್ದರು, ಕೊಂಡವರು ತಮಗೆ ಬೇಕಾದ ಚರ್ಮ ಹಾಕಿಸಿಕೊಳ್ಳುತ್ತಿದ್ದರು.

ಐದನೆಯದು ಲೇಖಕನ ಹೆಸರು. ಅದು ತಿಳಿಯಬೇಕಾದರೆ ಬುಕಾನನ್‌ನ ಉಳಿದ ಬಾಳನ್ನೂ ಕೇಳಬೇಕು.

ಹೆಸರು ಬದಲಾದ ಕಥೆ

ಮೈಸೂರಿನಿಂದ ಮರಳಿದ ಮೇಲೆ 1802ರಲ್ಲಿ ಕ್ಯಾಪ್ಟನ್ ನಾಕ್ಸ್‌ನ ರಾಯಭಾರದೊಂದಿಗೆ ನೇಪಾಳಕ್ಕೆ ಹೋಗಿ ಸುಮಾರು 14 ತಿಂಗಳು ಇದ್ದ. ಆಮೇಲೆ ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ಖಾಸಗಿ ವೈದ್ಯನಾದ. ಬ್ಯಾರಕ್‌ಪುರದಲ್ಲಿ ಪ್ರಾಣಿಗಳನ್ನು ಸಾಕಿ ಅಭ್ಯಾಸ ಮಾಡುವ ಸಂಸ್ಥೆಯ ಹೊಣೆಯೂ ಬಂತು. 1805ರಲ್ಲಿ ವೆಲ್ಲೆಸ್ಲಿಯ ಜೊತೆ ಇಂಗ್ಲೆಂಡಿಗೆ ಹೋದ, ಮರುವರ್ಷ ರಾಯಲ್ ಸೊಸೈಟಿಯ ಸದಸ್ಯನಾದ. ಭಾರತಕ್ಕೆ ಮರಳಿ 1807ರಿಂದ 1814ರವರೆಗೆ ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್ಪುರ, ಪಟ್ನಾ, ಗಯಾ, ಶಾಹಾಬಾದ್, ಗೋರಖ್‌ಪುರ ಎಂದು ಜಿಲ್ಲೆ ಜಿಲ್ಲೆ ಸಮೀಕ್ಷೆ ಮಾಡಿದ. ಮೈಸೂರಿನಲ್ಲಿ ಒಂದೇ ವರ್ಷದಲ್ಲಿ ಮಾಡಿದ ಕೆಲಸವನ್ನು ಅಲ್ಲಿ ಏಳು ವರ್ಷ ಮಾಡಿದ. ಗಂಗೆ ಮತ್ತು ಅದರ ಉಪನದಿಗಳ ಮೀನುಗಳ ಚಿತ್ರಗಳನ್ನು ಸ್ಥಳೀಯ ಕಲಾವಿದರಿಂದ ಬರೆಸಿ, ಊರಿನವರು ಕರೆಯುವ ಹೆಸರುಗಳನ್ನು ಸೇರಿಸಿಟ್ಟ.

1814ರಲ್ಲಿ ರಾಕ್ಸ್‌ಬರೋನ ನಂತರ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಆದರೆ ಆರೋಗ್ಯ ಕುಸಿದಿತ್ತು. 1815ರಲ್ಲಿ ಊರಿಗೆ ಹೊರಡಬೇಕಾಯಿತು. ಹೊರಡುವಾಗ ಗವರ್ನರ್ ಜನರಲ್ ಲಾರ್ಡ್ ಮೊಯಿರಾ ಆತನ ಗಿಡ ಮತ್ತು ಪ್ರಾಣಿಗಳ ಚಿತ್ರಗಳನ್ನು ಒಯ್ಯಲು ಬಿಡಲಿಲ್ಲ. ಅವು ಕಂಪನಿಯ ಆಸ್ತಿ ಎಂಬ ವಾದ. ಇಪ್ಪತ್ತು ವರ್ಷದ ದುಡಿಮೆಯ ಬಹುಭಾಗವನ್ನು ಕಲ್ಕತ್ತೆಯಲ್ಲೇ ಬಿಟ್ಟು 53ರ ಪ್ರಾಯದ ವೈದ್ಯ ಹಡಗು ಹತ್ತಿದ. ಕೆಲಸ ಮಾಡಿದ ಸಂಸ್ಥೆಯನ್ನು ಬಿಡುವಾಗ ನಮ್ಮ ಸಂಶೋಧನೆಯ ಕಾಗದಪತ್ರ ಯಾರಿಗೆ ಸೇರಬೇಕು ಎಂಬ ಜಗಳ ಈ ದೇಶದಲ್ಲಿ ನಮ್ಮವರು ಹಲವರು ಅನುಭವಿಸಿದ್ದೇ. ಅದರ ಸಂಕಟ ಇನ್ನೂರು ವರ್ಷ ಹಳೆಯದು.

ಊರಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಆತನ ಪಾಲಿಗೆ ಬಂತು. ಅದರೊಂದಿಗೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರನ್ನೂ ತೆಗೆದುಕೊಂಡ. ದತ್ತು ಹೋದವರು ಹೆಸರು ಬದಲಿಸಿಕೊಳ್ಳುವಂತೆಯೇ ಇದೂ. ಹೀಗಾಗಿ 1819ರ ನೇಪಾಳದ ಪುಸ್ತಕದಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್, ಹಿಂದೆ ಬುಕಾನನ್ ಎಂದು ಹಾಕಿಸಿದ. 1822ರಲ್ಲಿ ಎಡಿನ್‌ಬರೋದಲ್ಲಿ ಗಂಗಾ ನದಿಯ ಮೀನುಗಳ ಗ್ರಂಥ ಬಂತು. ಅದಕ್ಕೆ ಬರಹದ ಸಂಪುಟ ಒಂದು, ಚಿತ್ರಗಳದು ಇನ್ನೊಂದು. ಒಂದೇ ಸಿಕ್ಕಿದರೆ ಅದು ಅರ್ಧ ಪುಸ್ತಕ. ಗಿಡಗಳ ಶಾಸ್ತ್ರೀಯ ಹೆಸರುಗಳ ಕೊನೆಯಲ್ಲಿ ಆತನ ಎರಡೂ ಹೆಸರುಗಳ ಸಂಕ್ಷೇಪ ಬರುತ್ತದೆ, ಮೀನುಗಳಿಗೆ ಹ್ಯಾಮಿಲ್ಟನ್ ಒಂದೇ. 1807ರ ಮೈಸೂರು ಪುಸ್ತಕದಲ್ಲಿ ಬುಕಾನನ್ ಮಾತ್ರ. ಅದರ ಶೀರ್ಷಿಕೆ ಪುಟದಲ್ಲಿ ಹ್ಯಾಮಿಲ್ಟನ್ ಎಂದಿದ್ದರೆ ಮೂಲವಲ್ಲವೆಂದು ಧೈರ್ಯವಾಗಿ ಹೇಳಬಹುದು. ಆಗಿನ್ನೂ ಆ ಹೆಸರು ಆತನದಾಗಿರಲೇ ಇಲ್ಲ.

1829ರ ಜೂನ್ 15ರಂದು ಫ್ರಾನ್ಸಿಸ್ ಹ್ಯಾಮಿಲ್ಟನ್ ತೀರಿಕೊಂಡ. ವಯಸ್ಸು 67. ದುರ್ದೈವ ಅಲ್ಲಿಗೇ ಮುಗಿಯಲಿಲ್ಲ. ಬಂಗಾಳ, ಬಿಹಾರಗಳ ಆ ಬೃಹತ್ ವರದಿಗಳನ್ನು ಮಾಂಟ್ಗೊಮರಿ ಮಾರ್ಟಿನ್ ಎಂಬವನು ಕತ್ತರಿಸಿ, 1838ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ. ಶೀರ್ಷಿಕೆ ಪುಟದಲ್ಲಿ ಮಾರ್ಟಿನ್‌ನ ಹೆಸರಿತ್ತು, ಬುಕಾನನ್‌ನದು ಇರಲಿಲ್ಲ. ವರದಿಗಳು ಆತನ ಹೆಸರಿನಲ್ಲಿ ಸರಿಯಾಗಿ ಅಚ್ಚಾಗಲು 20ನೇ ಶತಮಾನವೇ ಬರಬೇಕಾಯಿತು. ಆ ಕೆಲಸ ಮಾಡಿದ್ದು ಪಟ್ನಾದ ಬಿಹಾರ್ ಮತ್ತು ಒರಿಸ್ಸಾ ಸಂಶೋಧನ ಸಂಘ.

ಆದರೂ ಹೆಸರು ಅಳಿಯಲಿಲ್ಲ. ರೋಹು, ಕಾಟ್ಲಾ, ಬಂಗಾಳಿಗಳ ಪ್ರಾಣವಾದ ಹಿಲ್ಸಾ ಮೀನುಗಳ ಶಾಸ್ತ್ರೀಯ ಹೆಸರಿನ ಮುಂದೆ ಇಂದೂ ಹ್ಯಾಮಿಲ್ಟನ್, 1822 ಎಂದು ಬರೆಯುತ್ತಾರೆ. ನಮ್ಮಂಥ ವೈದ್ಯರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಹೃದಯದ ಬೆಳವಣಿಗೆ, ಕ್ಯಾನ್ಸರ್, ವಂಶವಾಹಿ ದೋಷಗಳ ಅಧ್ಯಯನಕ್ಕೆ ಲೋಕದ ಪ್ರಯೋಗಾಲಯಗಳೆಲ್ಲ ಸಾಕುವ ಪಟ್ಟೆಯ ಪುಟ್ಟ ಮೀನು ಜೀಬ್ರಾಫಿಶ್ ಇದೆಯಲ್ಲ, ಅದನ್ನು ಮೊದಲು ವರ್ಣಿಸಿ ಹೆಸರಿಟ್ಟವನೂ ಈತನೇ. 2013ರಲ್ಲಿ ಆ ಮೀನಿನ ಪೂರ್ಣ ಜೀನೋಮ್ ಪ್ರಕಟವಾಯಿತು. ಹಬ್ಬದ ದಿನ ಶ್ರೀಖಂಡದ ಮೇಲೆ ಉದುರಿಸುವ ಚಾರೋಳಿಯ ಮರಕ್ಕೂ ಈತನದೇ ಹೆಸರು, ಅದರ ಕುಲದ ಹೆಸರು ಬುಕಾನಾನಿಯ.

ಕೊನೆಯ ಮಾತು

ಆ 1870ರ ಎರಡು ಸಂಪುಟಗಳನ್ನು ನಾವು ಹಿಂದಿರುಗಿಸಲಿಲ್ಲ. ಹುಟ್ಟುಹಬ್ಬಕ್ಕೆ ಇದ್ದದ್ದು ಮೂರೇ ವಾರ, ಬೇರೆ ಹುಡುಕಲು ಸಮಯವಿರಲಿಲ್ಲ. ಇದು ಮೊದಲನೆಯದಲ್ಲ, ಮೋಸ ಹೋದೆವು ಎಂದು ತಂದೆಯವರಿಗೆ ಹೇಳಿಯೇ ಕೈಗಿಟ್ಟೆವು. ಅವರು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು, ಹಿಗಿನ್‌ಬಾಥಮ್ ಎಂಬ ಹೆಸರು ಓದಿ ನಕ್ಕರು. ಎಂ.ಜಿ. ರಸ್ತೆಯ ಆ ಹೆಸರಿನ ಅಂಗಡಿಯ ಮುಂದೆ ನಿಂತು, ಕೊಳ್ಳಲು ಕಾಸಿಲ್ಲದೆ ಪುಸ್ತಕಗಳನ್ನು ನೋಡುತ್ತಿದ್ದ ದಿನಗಳು ನೆನಪಾದವಂತೆ. ಭೂತಗನ್ನಡಿ ಹಿಡಿದು ಮಧುಗಿರಿಯ ಪುಟ ಹುಡುಕಿದರು. ನಾವು ಓದಿ ಹೇಳಿದೆವು. ಕಪ್ಪು ಮರಳಿನ ಕಡೆ ಬಂದಾಗ, ತಾವು ಹುಡುಗರಾಗಿದ್ದಾಗ ಮಳೆ ನಿಂತ ಮೇಲೆ ಹಳ್ಳದಲ್ಲಿ ಆಡುತ್ತಾ ಆ ಮರಳನ್ನು ಅಂಗೈಗೆ ಹಾಕಿಕೊಳ್ಳುತ್ತಿದ್ದುದನ್ನು ಹೇಳಿದರು. ಅದು ಕಬ್ಬಿಣವೆಂದು ಆಗ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಊರು ಮರೆತದ್ದನ್ನು ಊರಿನ ಭಾಷೆ ಬಾರದ ಪರದೇಶಿ ಬರೆದಿಟ್ಟಿದ್ದ.

ಮೂಲ ಪುಸ್ತಕವನ್ನು ನಾವು ನೋಡಿದ್ದು ಆಮೇಲೆ, ಇಲ್ಲಿನ ಒಂದು ವಿಶ್ವವಿದ್ಯಾಲಯದ ಅಪೂರ್ವ ಗ್ರಂಥಗಳ ಕೊಠಡಿಯಲ್ಲಿ. ಕೈ ತೊಳೆದು, ಪೆನ್ನು ಹೊರಗಿಟ್ಟು ಒಳಗೆ ಹೋಗಬೇಕು, ಆಪರೇಷನ್ ಥಿಯೇಟರಿನ ಶಿಸ್ತೇ. ಮೂರು ಸಂಪುಟ, ದೊಡ್ಡ ಗಾತ್ರ, 1807, ಬುಕಾನನ್ ಎಂಬ ಒಂದೇ ಹೆಸರು. ಮಡಚಿದ ನಕಾಶೆಯನ್ನು ಮೆಲ್ಲನೆ ಬಿಚ್ಚಿ ನಮ್ಮ ಊರಿನ ದಿಕ್ಕನ್ನು ಬೆರಳಿನಿಂದ ಮುಟ್ಟದೆ ನೋಡಿದೆವು. ಅದನ್ನು ಹೇಳಲು ಊರಿಗೆ ಫೋನ್ ಮಾಡುವ ಹಾಗಿರಲಿಲ್ಲ. ತಂದೆಯವರು ಅಷ್ಟರಲ್ಲಿ ಹೋಗಿ ಎಂಟು ತಿಂಗಳಾಗಿತ್ತು.

ವಾಚಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ಹಳೆಯ ಪುಸ್ತಕ ಕೊಳ್ಳುವಾಗ ಸಂಪುಟ ಎಣಿಸಿ, ಅಳತೆ ಕೇಳಿ, ನಕಾಶೆ ಇದೆಯೇ ನೋಡಿ. ಮೊದಲ ಮುದ್ರಣ ಸಿಗದಿದ್ದರೆ ಬೇಸರ ಬೇಡ, ಮರುಮುದ್ರಣವೇ ಸಾಕು, ಲೈಬ್ರರಿಯ ಪ್ರತಿಯೂ ಆದೀತು. ಅದರಲ್ಲಿ ನಿಮ್ಮೂರಿನ ಪುಟ ಹುಡುಕಿ. ಊರಿನಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಫೋನ್ ಮಾಡಿ ಅದನ್ನು ಓದಿ ಹೇಳಿ. ಕೆರೆ ಇನ್ನೂ ಇದೆಯೇ, ಸಂತೆ ಯಾವ ವಾರ ಎಂದು ಕೇಳಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಆ ಎರಡು ಸಂಪುಟಗಳು ಈಗ ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿವೆ. ಮಧುಗಿರಿಯ ಪುಟದಲ್ಲಿ ತಂದೆಯವರು ಗುರುತಿಗೆಂದು ಇಟ್ಟ ಬಸ್ ಟಿಕೆಟ್ಟು ಇನ್ನೂ ಹಾಗೇ ಇದೆ.